ಹಳೇ ಫೋನಿಗೆ ಹೊಸ ಕರ್ನಲ್ ಬಂತು, ವೈಫೈ ಎಲ್ಲಿ ಹೋಯ್ತು?

2015ರ ಶುರುವಿನಲ್ಲಿ ಫ್ಲಿಪ್‌ಕಾರ್ಟ್‌ನ ಫ್ಲ್ಯಾಶ್ ಸೇಲ್‌ಗೆ ಕಾದು ಕೂತವರಿಗೆ ಎರಡು ಫೋನ್ ಚೆನ್ನಾಗಿ ನೆನಪಿರುತ್ತವೆ. ಲೆನೊವೊ ಎ6000 ಮತ್ತು ರೆಡ್ಮಿ 2. ಎರಡರ ಬೆಲೆಯೂ 6,999 ರೂಪಾಯಿ. ಎರಡರ ಒಳಗೂ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ 410 ಚಿಪ್. ಈಗ ಇವು ಯಾವುದೋ ಡ್ರಾಯರ್‌ನಲ್ಲಿ ಹಳೇ ಚಾರ್ಜರ್‌ಗಳ ಜೊತೆ ಬಿದ್ದಿರುತ್ತವೆ. ಬ್ಯಾಟರಿ ಬದಲಾಯಿಸಿದರೆ ಆನ್ ಆಗುತ್ತವೆ. ಚಿಪ್‌ಗೆ ಏನೂ ಆಗಿಲ್ಲ. ಹಳತಾಗಿರುವುದು ಅದರ ಮೇಲೆ ಕೂತಿರುವ ಸಾಫ್ಟ್‌ವೇರ್.

ಈ ಚಿಪ್‌ಗೆ ಅಂತ ತಯಾರಕರು ಆಂಡ್ರಾಯ್ಡ್‌ನ ತಳದಲ್ಲಿ ಕೊಟ್ಟಿದ್ದು ಲಿನಕ್ಸ್ 3.10 ಕರ್ನಲ್. ಅದು 2013ರದ್ದು. ಮೂಲ ಲಿನಕ್ಸ್ ತಂಡ 2017ರ ನವೆಂಬರ್‌ನಲ್ಲಿ ಅದಕ್ಕೆ ತಿದ್ದುಪಡಿ ಕೊಡುವುದನ್ನು ನಿಲ್ಲಿಸಿತು. ಕರ್ನಲ್ ಅಂದರೆ ಪರದೆ, ಟಚ್, ರೇಡಿಯೊ, ಮೆಮೊರಿ ಎಲ್ಲವನ್ನೂ ನೋಡಿಕೊಳ್ಳುವ ತಳದ ತಂತ್ರಾಂಶ. ಅದರಲ್ಲಿ ತೂತು ಉಳಿದರೆ ಮೇಲೆ ಎಷ್ಟು ಹೊಸ ಆಪ್ ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೇ.

ಇಲ್ಲಿಗೆ ಸಮುದಾಯದ ಕೆಲಸ ಬರುತ್ತದೆ. 2017ರಲ್ಲಿ ಶುರುವಾದ ಪೋಸ್ಟ್‌ಮಾರ್ಕೆಟ್‌ಒಎಸ್ ಯೋಜನೆ ಫೋನಿಗೆ ಹತ್ತು ವರ್ಷದ ಆಯುಸ್ಸು ಕೊಡುವ ಗುರಿ ಇಟ್ಟುಕೊಂಡಿತು. ಇದರ ಅಡಿಪಾಯ ಆಲ್ಪೈನ್ ಲಿನಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಬೇಕು ಅನ್ನುವವರಿಗೆ ಮೊಬಿಯನ್ ಇದೆ. ಇವರ ದಾರಿ ಒಂದೇ: ಆಂಡ್ರಾಯ್ಡ್ ಬದಿಗಿಟ್ಟು, ಲ್ಯಾಪ್‌ಟಾಪ್‌ನಲ್ಲಿ ಓಡುವಂಥದ್ದೇ ಹೊಸ ಕರ್ನಲ್ಲನ್ನು ಫೋನಿನಲ್ಲೂ ಓಡಿಸುವುದು. ಪರದೆ ಬೆಳಗುತ್ತದೆ, ಟಚ್ ಕೆಲಸ ಮಾಡುತ್ತದೆ, ಎಲ್ಲರೂ ಖುಷಿಯಾಗುತ್ತಾರೆ. ಆಮೇಲೆ ನೋಡಿದರೆ ವೈಫೈ ಪಟ್ಟಿ ಖಾಲಿ.

ವೈಫೈ ಯಾಕೆ ಇಷ್ಟು ಸತಾಯಿಸುತ್ತದೆ? ಅದು ಒಂದೇ ವಸ್ತು ಅಲ್ಲ, ಅದಕ್ಕೆ. ಕನಿಷ್ಠ ನಾಲ್ಕು ಚೂರುಗಳು ಒಂದಕ್ಕೊಂದು ಒಪ್ಪಬೇಕು. ಚಿಪ್ ಜೊತೆ ಮಾತಾಡುವ, ಕರ್ನಲ್‌ನೊಳಗಿನ ಡ್ರೈವರ್. ಯಾವ ತಂತಿ ಎಲ್ಲಿಗೆ ಹೋಗಿದೆ ಅಂತ ಆ ಡ್ರೈವರ್‌ಗೆ ಹೇಳುವ ಡಿವೈಸ್ ಟ್ರೀ. ವೈಫೈ ಚಿಪ್‌ನ ಒಳಗೇ ಓಡುವ ಫರ್ಮ್‌ವೇರ್. ಕೊನೆಗೆ, ಆ ಫೋನಿನ ರೇಡಿಯೊ ಹೇಗಿದೆ ಅಂತ ಅಳೆದು ಬರೆದಿಟ್ಟ ಕ್ಯಾಲಿಬ್ರೇಷನ್ ಮಾಹಿತಿ. ಮೊದಲೆರಡನ್ನು ಸಮುದಾಯದವರು ಬರೆಯಬಹುದು. ಮೂರನೆಯದು ಕಂಪನಿಯ ಕೈಯಲ್ಲಿದೆ. ನಾಲ್ಕನೆಯದು ನಿಮ್ಮ ಫೋನಿನೊಳಗೆ ಮಾತ್ರ ಇರುತ್ತದೆ.

ಸ್ನ್ಯಾಪ್‌ಡ್ರ್ಯಾಗನ್ 410ರ ಕಥೆಯನ್ನೇ ನೋಡೋಣ. ಇದರಲ್ಲಿ ವೈಫೈ ಪೂರ್ತಿ ಪ್ರತ್ಯೇಕ ಚಿಪ್ ಅಲ್ಲ. ರೇಡಿಯೊ ಭಾಗ ಮಾತ್ರ ಹೊರಗಿನ ಸಣ್ಣ ಚಿಪ್‌ನಲ್ಲಿದೆ. ಲೆಕ್ಕಾಚಾರದ ಭಾಗ ಮುಖ್ಯ ಚಿಪ್‌ನೊಳಗೇ ಇರುವ ಪ್ರೋಂಟೊ ಎಂಬ ಇನ್ನೊಂದು ಪ್ರೊಸೆಸರ್. ಫೋನ್ ಬೂಟ್ ಆದಾಗ ಕರ್ನಲ್ ಇದಕ್ಕೆ ಫರ್ಮ್‌ವೇರ್ ತುಂಬಿ ಎಬ್ಬಿಸಬೇಕು. ಕಂಪನಿಯ 3.10 ಕರ್ನಲ್‌ನಲ್ಲಿ ಇದರ ಜೊತೆ ಮಾತಾಡುತ್ತಿದ್ದ ಡ್ರೈವರ್‌ನ ಹೆಸರು ಪ್ರೈಮಾ. ದೊಡ್ಡ ಗಾತ್ರ, ಆಂಡ್ರಾಯ್ಡ್‌ಗೆ ಗಂಟು ಬಿದ್ದ ಕೋಡ್. ಅದನ್ನು ಹೊಸ ಕರ್ನಲ್‌ಗೆ ತರುವ ಆಸೆ ಯಾರಿಗೂ ಇರಲಿಲ್ಲ. ಅದೃಷ್ಟಕ್ಕೆ ಡಬ್ಲ್ಯುಸಿಎನ್36ಎಕ್ಸ್‌ಎಕ್ಸ್ ಅನ್ನುವ ಸ್ವತಂತ್ರ ಡ್ರೈವರ್ ಲಿನಕ್ಸ್ ತಂಡದ ಮೂಲ ಕರ್ನಲ್‌ನೊಳಗೆ ಆಗಲೇ ಇತ್ತು. ಇದೇ ಚಿಪ್ ಇಟ್ಟುಕೊಂಡು ಡ್ರ್ಯಾಗನ್‌ಬೋರ್ಡ್ 410ಸಿ ಎಂಬ ಡೆವಲಪರ್ ಬೋರ್ಡ್ ಕೂಡ ಬಂತು. ಅದಕ್ಕಾಗಿ ಲಿನಾರೊ ಸಂಸ್ಥೆ ಮಾಡಿದ ಕೆಲಸ ಮೂಲ ಕರ್ನಲ್ ಸೇರಿತು. ನಮ್ಮ 6,999 ರೂಪಾಯಿಯ ಫೋನುಗಳಿಗೆ ಅದರ ಲಾಭ ಪುಕ್ಕಟೆ ಸಿಕ್ಕಿತು.

ಡ್ರೈವರ್ ಆಯ್ತು. ಫರ್ಮ್‌ವೇರ್? ಅದನ್ನು ಇನ್ಯಾರದೋ ಫೋನಿನಿಂದ ಕಾಪಿ ಮಾಡಿದರೆ ಸಾಲದು. ಹೆಚ್ಚಿನ ಫೋನುಗಳಲ್ಲಿ ಈ ಫೈಲಿಗೆ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಚಿಪ್‌ನೊಳಗಿನ ಭದ್ರತಾ ವಿಭಾಗವಾದ ಟ್ರಸ್ಟ್‌ಝೋನ್ ಆ ಸಹಿಯನ್ನು ನೋಡಿಯೇ ಪ್ರೋಂಟೊವನ್ನು ಎಬ್ಬಿಸುತ್ತದೆ. ಲೆನೊವೊದ ಫೈಲನ್ನು ರೆಡ್ಮಿಗೆ ಕೊಟ್ಟರೆ ಒಪ್ಪುವುದಿಲ್ಲ. ಇದರ ಜೊತೆ ಇನ್ನೊಂದು ತಲೆನೋವು: ಈ ಫೈಲನ್ನು ಹಂಚಲು ಕಂಪನಿ ಲೈಸೆನ್ಸ್ ಕೊಟ್ಟಿರುವುದಿಲ್ಲ. ಪ್ಯಾಕೇಜ್, ಅಂದರೆ ಎಲ್ಲರೂ ಸುಲಭವಾಗಿ ಇನ್‌ಸ್ಟಾಲ್ ಮಾಡುವಂಥ ಕಟ್ಟು, ಮಾಡಿ ಸರ್ವರ್‌ನಲ್ಲಿ ಇಡುವುದು ಹೇಗೆ?

ಪೋಸ್ಟ್‌ಮಾರ್ಕೆಟ್‌ಒಎಸ್‌ನವರು ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟ. ಫರ್ಮ್‌ವೇರ್ ಹಂಚುವುದೇ ಬೇಡ, ಅದು ಹೇಗಿದ್ದರೂ ಫೋನಿನಲ್ಲೇ ಇದೆಯಲ್ಲ! ಫ್ಯಾಕ್ಟರಿಯಿಂದ ಬಂದ ಪಾರ್ಟಿಷನ್‌ಗಳಲ್ಲಿ, ಅಂದರೆ ಸ್ಟೋರೇಜ್‌ನ ಪ್ರತ್ಯೇಕ ಭಾಗಗಳಲ್ಲಿ, ಆ ಫೈಲುಗಳು ಹಾಗೇ ಕೂತಿವೆ. ಎಂಎಸ್‌ಎಂ ಫರ್ಮ್‌ವೇರ್ ಲೋಡರ್ ಎಂಬ ಸಣ್ಣ ಪ್ಯಾಕೇಜ್ ಬೂಟ್ ಸಮಯದಲ್ಲಿ ಆ ಪಾರ್ಟಿಷನ್‌ಗಳನ್ನು ತೆರೆಯುತ್ತದೆ. ಫೈಲುಗಳು ಅಲ್ಲಿವೆ ಅಂತ ಕರ್ನಲ್‌ಗೆ ತೋರಿಸುತ್ತದೆ. ಸಹಿಯ ಸಮಸ್ಯೆಯೂ ಹೋಯ್ತು, ಲೈಸೆನ್ಸ್ ಸಮಸ್ಯೆಯೂ ಹೋಯ್ತು. ಒಂದೇ ಪ್ಯಾಕೇಜ್ ಹತ್ತಾರು ಮಾಡೆಲ್‌ಗಳಿಗೆ ಸಾಕು.

ಇನ್ನು ಕ್ಯಾಲಿಬ್ರೇಷನ್. ಒಂದೇ ಲೈನಿನಲ್ಲಿ ತಯಾರಾದ ಎರಡು ರೇಡಿಯೊಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ. ಯಾವ ಚಾನೆಲ್‌ನಲ್ಲಿ ಎಷ್ಟು ಶಕ್ತಿ ಕೊಟ್ಟರೆ ಎಷ್ಟು ಹೊರಬರುತ್ತದೆ ಅಂತ ಅಳೆದು ಒಂದು ಸಣ್ಣ ಫೈಲಿನಲ್ಲಿ ಬರೆದಿರುತ್ತಾರೆ. ಅದು ಇಲ್ಲದಿದ್ದರೂ, ಬೇರೆಯದನ್ನು ಹಾಕಿದರೂ, ಕೆಲವೊಮ್ಮೆ ವೈಫೈ ಓಡಿಬಿಡುತ್ತದೆ. ಅದೇ ಅಪಾಯ. ರೂಟರ್ ಪಕ್ಕ ಕೂತು ನೋಡಿದರೆ ಎಲ್ಲ ಸರಿ, ಪಕ್ಕದ ರೂಮಿಗೆ ಹೋದರೆ ಸಿಗ್ನಲ್ ಮಾಯ. ಜನ ಡ್ರೈವರ್‌ಗೆ ಬೈಯುತ್ತಾರೆ. 2009ರ ನೋಕಿಯಾ ಎನ್900ರಲ್ಲೂ ಇದೇ ತೊಡಕು ಇತ್ತು. ಅದರ ವೈಫೈ ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಬ್ಲ್ಯುಎಲ್1251. ಸಾರ್ವಜನಿಕ ಫರ್ಮ್‌ವೇರ್ ಸಂಗ್ರಹದಲ್ಲಿ ಅದರ ಕ್ಯಾಲಿಬ್ರೇಷನ್ ಫೈಲ್ ಇದೆ, ಆದರೆ ಅದು ಬರೀ ಮಾದರಿ. ನಿಜವಾದ ಅಳತೆಯೂ, ನೆಟ್‌ವರ್ಕ್‌ನಲ್ಲಿ ಆ ಫೋನನ್ನು ಗುರುತಿಸುವ ಮ್ಯಾಕ್ ವಿಳಾಸವೂ ಫೋನಿನ ಬೇರೊಂದು ಪಾರ್ಟಿಷನ್‌ನಲ್ಲಿವೆ. ಅಲ್ಲಿಂದ ಓದಿ ತರುವ ಉಪಕರಣವನ್ನೂ ಸಮುದಾಯದವರೇ ಬರೆದುಕೊಳ್ಳಬೇಕಾಯಿತು.

ಸ್ನ್ಯಾಪ್‌ಡ್ರ್ಯಾಗನ್ 410 ಫೋನುಗಳಲ್ಲಿ ಮ್ಯಾಕ್ ವಿಳಾಸದ ಜವಾಬ್ದಾರಿಯನ್ನು ಕರ್ನಲ್ಲನ್ನು ಎಬ್ಬಿಸುವ ಎಲ್‌ಕೆ2ಎನ್‌ಡಿ ಎಂಬ ಸಮುದಾಯದ ಬೂಟ್‌ಲೋಡರ್ ಹೊತ್ತುಕೊಂಡಿದೆ. ಫೋನಿನ ಸೀರಿಯಲ್ ನಂಬರಿನಿಂದ ಒಂದು ವಿಳಾಸ ಕಟ್ಟಿ ಡಿವೈಸ್ ಟ್ರೀಗೆ ಸೇರಿಸುತ್ತದೆ. ಇದಿಲ್ಲದೆ ಪ್ರತಿ ಬೂಟ್‌ಗೂ ಹೊಸ ವಿಳಾಸ ಬಂದರೆ, ನಿಮ್ಮ ರೂಟರ್‌ಗೆ ದಿನಾ ಹೊಸ ಫೋನ್ ಬಂದ ಹಾಗೆ ಕಾಣುತ್ತದೆ.

ಇದೇ ಜಾಸ್ತಿ ಅನ್ನಿಸಿದರೆ 2018ರ ಪೋಕೊ ಎಫ್1 ನೋಡಿ. ಒನ್‌ಪ್ಲಸ್ 6 ಕೂಡ ಇದೇ ಗುಂಪು. ಎರಡರಲ್ಲೂ ಸ್ನ್ಯಾಪ್‌ಡ್ರ್ಯಾಗನ್ 845. ಇಲ್ಲಿ ವೈಫೈನ ಫರ್ಮ್‌ವೇರ್ ಓಡುವುದು ಮೊಬೈಲ್ ನೆಟ್‌ವರ್ಕ್ ನೋಡಿಕೊಳ್ಳುವ ಮೋಡೆಮ್‌ನ ಪ್ರೊಸೆಸರ್ ಮೇಲೆ. ಹಾಗಾಗಿ ವೈಫೈ ಬರಬೇಕಾದರೆ ಮೊದಲು ಮೋಡೆಮ್ ಏಳಬೇಕು, ಸಿಮ್ ಇರಲಿ ಬಿಡಲಿ. ಎದ್ದ ಮೋಡೆಮ್ ತನ್ನ ಗುಟ್ಟಿನ ಡೇಟಾ ಇರುವ ಪಾರ್ಟಿಷನ್‌ಗಳನ್ನು ಕೇಳುತ್ತದೆ. ಅದನ್ನು ಆರ್‌ಎಂಟಿಎಫ್‌ಎಸ್ ಎಂಬ ಪ್ರೋಗ್ರಾಂ ಕೊಡಬೇಕು. ಯಾವ ಸೇವೆ ಯಾವ ಪ್ರೊಸೆಸರ್‌ನ ಯಾವ ಭಾಗದಲ್ಲಿದೆ ಅಂತ ಹೇಳಲು ಪಿಡಿ ಮ್ಯಾಪರ್ ಬೇಕು. ವೈಫೈ ಫರ್ಮ್‌ವೇರ್ ಫೈಲನ್ನು ಮೋಡೆಮ್‌ಗೆ ದಾಟಿಸಲು ಟಿಕ್ಯುಎಫ್‌ಟಿಪಿ ಸರ್ವರ್ ಬೇಕು. ಇಷ್ಟೆಲ್ಲ ಆದ ಮೇಲೆ ಎಟಿಎಚ್10ಕೆ ಡ್ರೈವರ್‌ಗೆ ಚಿಪ್ ಕಾಣಿಸುತ್ತದೆ. ಆಗ ಅದು ಬೋರ್ಡ್ ಫೈಲ್, ಅಂದರೆ ಕ್ಯಾಲಿಬ್ರೇಷನ್ ಮಾಹಿತಿಯ ಫೈಲ್, ಹುಡುಕುತ್ತದೆ. ಅದೂ ಸಿಕ್ಕರೆ ಮಾತ್ರ ನಿಮ್ಮ ಪರದೆಯಲ್ಲಿ ವೈಫೈ ಪಟ್ಟಿ. ನಡುವೆ ಒಂದು ಪ್ರೋಗ್ರಾಂ ತಡವಾಗಿ ಶುರುವಾದರೂ ಏನೂ ಕಾಣುವುದಿಲ್ಲ, ಎಷ್ಟೋ ಸಲ ಕರ್ನಲ್ ಬರೆದಿಡುವ ಲಾಗ್‌ನಲ್ಲಿ ದೊಡ್ಡ ದೂರೂ ಇರುವುದಿಲ್ಲ.

ಇಲ್ಲೇ ಪ್ಯಾಕೇಜಿಂಗ್ ಎಂಬ ಕೆಲಸದ ಬೆಲೆ ಗೊತ್ತಾಗುವುದು. ಕೋಡ್ ಬರೆದವರಿಗೆ ಚಪ್ಪಾಳೆ ಸಿಗುತ್ತದೆ. ಮೇಲಿನ ಸರಪಳಿಯನ್ನು ಯಾರೂ ಬಾಯಿಪಾಠ ಮಾಡದೆ, ಒಂದು ಕಮಾಂಡ್ ಹೊಡೆದರೆ ಎಲ್ಲ ಚೂರೂ ಸರಿಯಾದ ಆವೃತ್ತಿಯಲ್ಲಿ ಬಂದು ಕೂರುವ ಹಾಗೆ ಮಾಡಿದವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಪೋಸ್ಟ್‌ಮಾರ್ಕೆಟ್‌ಒಎಸ್‌ನಲ್ಲಿ ಸಾಮಾನ್ಯವಾಗಿ ಒಂದು ಫೋನಿಗೆ ಮೂರು ಥರದ ಪ್ಯಾಕೇಜ್ ಇರುತ್ತದೆ. ಡಿವೈಸ್ ಪ್ಯಾಕೇಜ್, ಕರ್ನಲ್ ಪ್ಯಾಕೇಜ್, ಫರ್ಮ್‌ವೇರ್ ಪ್ಯಾಕೇಜ್. ಪ್ರತಿಯೊಂದಕ್ಕೂ ಎಪಿಕೆಬಿಲ್ಡ್ ಎಂಬ ಒಂದು ಪಠ್ಯದ ಫೈಲ್. ಮೂಲ ಕೋಡ್ ಎಲ್ಲಿಂದ ತರಬೇಕು, ಅದು ಬದಲಾಗಿಲ್ಲ ಅಂತ ಖಚಿತಪಡಿಸುವ ಚೆಕ್‌ಸಮ್ ಏನು, ಹೇಗೆ ಕಟ್ಟಬೇಕು, ಬೇರೆ ಯಾವ ಪ್ಯಾಕೇಜ್ ಜೊತೆಗಿರಬೇಕು, ಎಲ್ಲ ಅದರಲ್ಲಿ. ಕಟ್ಟುವ ಕೆಲಸವನ್ನು ಪಿಎಂಬೂಟ್‌ಸ್ಟ್ರಾಪ್ ಎಂಬ ಉಪಕರಣ ನಿಮ್ಮ ಕಂಪ್ಯೂಟರ್‌ನಲ್ಲೇ ಮಾಡುತ್ತದೆ.

ಕಂಪನಿಯ ಹಳೇ ಕರ್ನಲ್ ಬಳಸಿದರೆ ಫೋನಿಗೊಂದು ಕರ್ನಲ್ ಪ್ಯಾಕೇಜ್ ಬೇಕು. ರೆಡ್ಮಿಗೊಂದು, ಲೆನೊವೊಗೊಂದು, ಸ್ಯಾಮ್‌ಸಂಗ್‌ಗೊಂದು. ಮೂಲ ಕರ್ನಲ್‌ಗೆ ಹತ್ತಿರವಾದದ್ದನ್ನು ಬಳಸಿದರೆ ಸ್ನ್ಯಾಪ್‌ಡ್ರ್ಯಾಗನ್ 410ರ ಎಲ್ಲ ಫೋನಿಗೂ ಒಂದೇ ಪ್ಯಾಕೇಜ್. ಫೋನಿಂದ ಫೋನಿಗೆ ಬದಲಾಗುವುದು ಡಿವೈಸ್ ಟ್ರೀ ಮಾತ್ರ. ಒಬ್ಬರು ಒಂದು ಭದ್ರತಾ ತಿದ್ದುಪಡಿ ಸೇರಿಸಿದರೆ ಎಲ್ಲರಿಗೂ ತಲುಪುತ್ತದೆ.

ಕರ್ನಲ್ ಪ್ಯಾಕೇಜ್‌ನಲ್ಲಿ ಹೊಸಬರು ಎಡವುವ ಕೆಲವು ಜಾಗಗಳಿವೆ. ಮೊದಲನೆಯದು, ವೈಫೈ ಡ್ರೈವರ್‌ನ್ನು ಕರ್ನಲ್‌ನೊಳಗೇ ಬೆಸೆದುಬಿಡುವುದು. ವೇಗವಾಗಿ ಬೂಟ್ ಆಗಲಿ ಅನ್ನುವ ಆಸೆ. ಆದರೆ ಹಾಗೆ ಬೆಸೆದ ಡ್ರೈವರ್ ಫೋನ್ ಎದ್ದ ಕೂಡಲೇ ಫರ್ಮ್‌ವೇರ್ ಕೇಳುತ್ತದೆ. ಅಷ್ಟರಲ್ಲಿ ಮುಖ್ಯ ಫೈಲ್ ಸಿಸ್ಟಮ್ ತೆರೆದೇ ಇರುವುದಿಲ್ಲ. ಫೈಲ್ ಸಿಗಲಿಲ್ಲ ಅಂತ ಡ್ರೈವರ್ ಕೈಚೆಲ್ಲುತ್ತದೆ. ಅದನ್ನೇ ಮಾಡ್ಯೂಲ್ ಆಗಿ, ಅಂದರೆ ಬೇಕಾದಾಗ ಸೇರುವ ಪ್ರತ್ಯೇಕ ಫೈಲಾಗಿ, ಇಟ್ಟರೆ ಆಮೇಲೆ ಲೋಡ್ ಆಗುತ್ತದೆ, ಎಲ್ಲ ಸರಿ. ಫೈಲ್ ಕಣ್ಣೆದುರೇ ಇದ್ದರೂ ಸಿಗುತ್ತಿಲ್ಲ ಅಂತ ತಲೆ ಚಚ್ಚಿಕೊಳ್ಳುವವರ ಪೈಕಿ ಅನೇಕರ ಸಮಸ್ಯೆ ಇಷ್ಟೇ.

ಎರಡನೆಯದು ಕಾನ್ಫಿಗ್. ಕರ್ನಲ್‌ನಲ್ಲಿ ಸಾವಿರಾರು ಆಯ್ಕೆಗಳಿವೆ. ವೈಫೈ ಡ್ರೈವರ್ ಆನ್ ಮಾಡಿದ್ದೀರಿ, ಚಿಪ್ ಕಂಡಿದೆ, ಆದರೂ ಸೇರುತ್ತಿಲ್ಲ. ನೀವು ವೈಫೈಗೆ ಸೇರಿಸುವ ಐಡಬ್ಲ್ಯುಡಿ ಎಂಬ ಪ್ರೋಗ್ರಾಂ ಬಳಸುತ್ತಿದ್ದರೆ ಅದು ಗೂಢಲಿಪಿಯ ಲೆಕ್ಕಗಳನ್ನು ಕರ್ನಲ್‌ನಿಂದ ಮಾಡಿಸುತ್ತದೆ. ಆ ಆಯ್ಕೆಗಳನ್ನು ಆಫ್ ಮಾಡಿದ್ದರೆ ಐಡಬ್ಲ್ಯುಡಿ ಏಳುವುದೇ ಇಲ್ಲ. ಅದೇ ಕೆಲಸದ ಇನ್ನೊಂದು ಪ್ರೋಗ್ರಾಂ ಡಬ್ಲ್ಯುಪಿಎ ಸಪ್ಲಿಕೆಂಟ್ ಆ ಲೆಕ್ಕವನ್ನು ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿಯಿಂದ ಮಾಡಿಸುವುದರಿಂದ ಅದರಲ್ಲಿ ಓಡುತ್ತದೆ. ಒಂದೇ ಫೋನ್, ಒಬ್ಬರಿಗೆ ವೈಫೈ ಇದೆ, ಇನ್ನೊಬ್ಬರಿಗೆ ಇಲ್ಲ. ಇಂಥ ಗೊಂದಲ ತಪ್ಪಿಸಲು ಪಿಎಂಬೂಟ್‌ಸ್ಟ್ರಾಪ್‌ನಲ್ಲಿ ಕಾನ್ಫಿಗ್ ಪರೀಕ್ಷಿಸುವ ಕಮಾಂಡ್ ಇಟ್ಟಿದ್ದಾರೆ.

ಮೂರನೆಯದು ತುಂಬ ಸಣ್ಣದು: ಯಾವ ದೇಶದಲ್ಲಿ ಯಾವ ಚಾನೆಲ್ ಬಳಸಬಹುದು ಎಂಬ ಪಟ್ಟಿ. ವೈರ್‌ಲೆಸ್ ರೆಗ್‌ಡಿಬಿ ಅನ್ನುವ ಪುಟ್ಟ ಪ್ಯಾಕೇಜ್. ಭಾರತ ಸರ್ಕಾರ 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಆದರೆ ಪಟ್ಟಿ ಇಲ್ಲದ ಫೋನಿಗೆ ಅದು ಹೇಗೆ ಗೊತ್ತಾಗಬೇಕು? ಎಲ್ಲ ದೇಶಕ್ಕೂ ಹೊಂದುವ ಬಿಗಿ ನಿಯಮ ಹಾಕಿಕೊಂಡು ಕೂರುತ್ತದೆ. ಪೋಕೊ ಎಫ್1ನಲ್ಲಿ 5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಶುರುವಾಗುತ್ತಿಲ್ಲ ಅಂದರೆ ಡ್ರೈವರ್ ಬಿಚ್ಚುವ ಮೊದಲು ಇದನ್ನು ನೋಡಿ.

ಇನ್ನು ಅಪ್‌ಡೇಟ್ ಎಂಬ ಗಂಡಾಂತರ. ಕರ್ನಲ್ ಮತ್ತು ಅದರ ಮಾಡ್ಯೂಲ್‌ಗಳು ಒಂದೇ ಆವೃತ್ತಿಯವಾಗಿರಬೇಕು. ಲ್ಯಾಪ್‌ಟಾಪ್‌ನಲ್ಲಿ ಎರಡೂ ಒಟ್ಟಿಗೇ ಬದಲಾಗುತ್ತವೆ. ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಹಾಗಲ್ಲ. ಕರ್ನಲ್, ಶುರುವಿನ ಸಣ್ಣ ಫೈಲ್ ಸಿಸ್ಟಮ್, ಡಿವೈಸ್ ಟ್ರೀ ಎಲ್ಲ ಸೇರಿ ಒಂದು ಬೂಟ್ ಇಮೇಜ್ ಆಗಿ ಪ್ರತ್ಯೇಕ ಪಾರ್ಟಿಷನ್‌ನಲ್ಲಿ ಇರುತ್ತದೆ. ಮಾಡ್ಯೂಲ್‌ಗಳು ಇರುವುದು ಬೇರೆ ಕಡೆ. ಅಪ್‌ಡೇಟ್ ಆದಾಗ ಮಾಡ್ಯೂಲ್ ಹೊಸದಾಯ್ತು, ಆದರೆ ಬೂಟ್ ಇಮೇಜ್ ಪಾರ್ಟಿಷನ್‌ಗೆ ಬರೆಯಲೇ ಇಲ್ಲ ಅಂದುಕೊಳ್ಳಿ. ಹಳೇ ಕರ್ನಲ್ ಎದ್ದು ತನ್ನ ಮಾಡ್ಯೂಲ್ ಹುಡುಕುತ್ತದೆ. ಅವನ್ನು ಪ್ಯಾಕೇಜ್ ಮ್ಯಾನೇಜರ್ ಆಗಲೇ ಅಳಿಸಿರುತ್ತದೆ. ಪರದೆ ಬಂತು, ವೈಫೈ ಹೋಯ್ತು. ವೈಫೈ ಇಲ್ಲದೆ ಸರಿಯಾದ ಪ್ಯಾಕೇಜ್ ಇಳಿಸಿಕೊಳ್ಳುವುದೂ ಕಷ್ಟ, ಅಲ್ವಾ? ಹಾಗಾಗಿ ಡಿವೈಸ್ ಪ್ಯಾಕೇಜ್‌ನ ಡಿವೈಸ್‌ಇನ್ಫೊ ಫೈಲಿನಲ್ಲಿ, ಅಪ್‌ಡೇಟ್ ಆದಾಗಲೆಲ್ಲ ಬೂಟ್ ಪಾರ್ಟಿಷನ್ನನ್ನೂ ಬರೆ ಅಂತ ಹೇಳುವ ಸಾಲೊಂದನ್ನು ಸೇರಿಸಬೇಕು. ಎಲ್‌ಕೆ2ಎನ್‌ಡಿ ಇರುವ ಫೋನಿನಲ್ಲಿ ಈ ಕಾಟ ಕಡಿಮೆ. ಅದು ಬೂಟ್ ಫೈಲುಗಳನ್ನು ನೇರವಾಗಿ ಲಿನಕ್ಸ್‌ನ ಫೈಲ್ ಸಿಸ್ಟಮ್‌ನಿಂದಲೇ ಓದಿಕೊಳ್ಳುತ್ತದೆ.

ಜಾಗದ ಸಮಸ್ಯೆಯೂ ಇದೆ. ಎನ್900ರಲ್ಲಿ ಕರ್ನಲ್‌ಗೆ ಮೀಸಲಿಟ್ಟ ಪಾರ್ಟಿಷನ್ ಬರೀ 2 ಎಂಬಿ. ಅದರ ಬಳಕೆದಾರರು ಕರ್ನಲ್ ಪವರ್ ಎಂಬ ಸಮುದಾಯದ ಕರ್ನಲ್ಲನ್ನು ವರ್ಷಗಟ್ಟಲೆ ಸಾಕಿದರು. ನೋಕಿಯಾದ 2.6.28 ಕರ್ನಲ್ ಮೇಲೇ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಪೇರಿಸಿ, ಡೆಬಿಯನ್ ಮಾದರಿಯ ಡೆಬ್ ಪ್ಯಾಕೇಜ್ ಮಾಡಿ ಹಂಚುತ್ತಿದ್ದರು. ಏನೇ ಸೇರಿಸಿದರೂ ಆ 2 ಎಂಬಿ ಒಳಗೆ ಹಿಡಿಯಬೇಕು. ಮಿಕ್ಕಿದ್ದೆಲ್ಲ ಮಾಡ್ಯೂಲ್.

ಇಷ್ಟು ಮಾಡಿ ಒಂದು ಸಲ ಪ್ಯಾಕೇಜ್ ಓಡಿತು ಅನ್ನಿ. ಮೂರು ತಿಂಗಳಿಗೆ ಮತ್ತೆ ಒಡೆಯಬಹುದು. ಲಿನಕ್ಸ್‌ನ ಹೊಸ ಆವೃತ್ತಿ ಸುಮಾರು ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತದೆ. ಹೊರಗಿನ ಆಪ್‌ಗಳು ಒಡೆಯಬಾರದು ಎಂಬ ಬಗ್ಗೆ ಆ ತಂಡ ತುಂಬ ಕಟ್ಟುನಿಟ್ಟು. ಕರ್ನಲ್‌ನ ಒಳಗಿನ ಫಂಕ್ಷನ್‌ಗಳ ಬಗ್ಗೆ ಅಂಥ ಯಾವ ಭರವಸೆಯೂ ಇಲ್ಲ, ಬೇಕೆಂದೇ ಇಲ್ಲ. 2018ರ 4.15ರಲ್ಲಿ ಟೈಮರ್ ಹೂಡುವ ರೀತಿ ಬದಲಾಯಿತು. 2022ರ 5.17ರಲ್ಲಿ ನೆಟ್‌ವರ್ಕ್ ಸಾಧನದ ಮ್ಯಾಕ್ ವಿಳಾಸಕ್ಕೆ ಡ್ರೈವರ್ ನೇರವಾಗಿ ಬರೆಯುವುದನ್ನು ತಡೆದರು. 2025ರ 6.15ರಲ್ಲಿ ಟೈಮರ್ ಅಳಿಸುವ ಹಳೇ ಫಂಕ್ಷನ್‌ನ ಹೆಸರೇ ಹೋಯಿತು. ಕರ್ನಲ್‌ನೊಳಗಿರುವ ಡ್ರೈವರ್‌ಗಳನ್ನು, ಇಂಥ ಬದಲಾವಣೆ ಮಾಡುವವರೇ ತಿದ್ದಿಬಿಡುತ್ತಾರೆ. ಹೊರಗೆ ಕೂತ ಡ್ರೈವರ್‌ನ್ನು ಯಾರು ತಿದ್ದಬೇಕು? ನಿಮ್ಮ ಪ್ಯಾಕೇಜ್ ನೋಡಿಕೊಳ್ಳುವ ಮೇಂಟೇನರ್. ಅವರು ಸಾಮಾನ್ಯವಾಗಿ ಹಗಲು ಬೇರೆ ನೌಕರಿ ಮಾಡುವ ಒಬ್ಬ ವ್ಯಕ್ತಿ.

ಪೈನ್‌ಫೋನ್ ಇದಕ್ಕೆ ಒಳ್ಳೆಯ ಉದಾಹರಣೆ. ಲಿನಕ್ಸ್‌ಗೆಂದೇ ಮಾಡಿದ ಫೋನ್ ಅದು. ಆದರೂ ಅದರ ರಿಯಲ್‌ಟೆಕ್ 8723ಸಿಎಸ್ ವೈಫೈ ಚಿಪ್‌ಗೆ ಮೂಲ ಕರ್ನಲ್‌ನಲ್ಲಿ ಡ್ರೈವರ್ ಇರಲಿಲ್ಲ. ಕಂಪನಿಯ ಭಾರೀ ಗಾತ್ರದ ಡ್ರೈವರ್‌ನ್ನು ಪ್ರತಿ ಹೊಸ ಕರ್ನಲ್‌ಗೂ ಒಗ್ಗಿಸುತ್ತ ವರ್ಷಗಳು ಹೋದವು. 2024ರ 6.10ರಲ್ಲಿ ಈ ಚಿಪ್‌ಗೆ ಬೆಂಬಲ ಆರ್‌ಟಿಡಬ್ಲ್ಯು88 ಎಂಬ ಮೂಲ ಡ್ರೈವರ್‌ಗೇ ಸೇರಿತು, ಸಮುದಾಯದವರ ಶ್ರಮದಿಂದ.

ಒಳಗೆ ಸೇರಿಸುವುದರಿಂದ ಇನ್ನೊಂದು ದೊಡ್ಡ ಲಾಭವಿದೆ. 2021ರ ಮೇನಲ್ಲಿ ಫ್ರ್ಯಾಗ್‌ಅಟ್ಯಾಕ್ಸ್ ಎಂಬ ವೈಫೈ ದೋಷಗಳು ಹೊರಬಿದ್ದವು. ಕರ್ನಲ್‌ನ ಮ್ಯಾಕ್80211 ಎಂಬ ಸಾಮಾನ್ಯ ಪದರದಲ್ಲಿ ಮುಖ್ಯ ತಿದ್ದುಪಡಿಗಳನ್ನು ಮಾಡಿದರು. ಅದರ ಮೇಲೆ ನಿಂತ ಎಲ್ಲ ಡ್ರೈವರ್‌ಗಳಿಗೂ ಆ ರಕ್ಷಣೆ ದಕ್ಕಿತು. ಎನ್900ರ ಡಬ್ಲ್ಯುಎಲ್1251 ಆ ಪದರದ ಮೇಲಿದೆ, ಡಬ್ಲ್ಯುಸಿಎನ್36ಎಕ್ಸ್‌ಎಕ್ಸ್ ಕೂಡ. ಪ್ರೈಮಾದಂಥ ಕಂಪನಿ ಡ್ರೈವರ್‌ಗಳು ತಮ್ಮದೇ ಪದರ ಹೊತ್ತು ತಂದಿರುತ್ತವೆ. ಅವಕ್ಕೆ ಬೇರೆ ತಿದ್ದುಪಡಿ ಬೇಕು. 3.10 ಕರ್ನಲ್‌ನ ಫೋನಿಗೆ 2021ರಲ್ಲಿ ಯಾವ ಕಂಪನಿ ಅದನ್ನು ಕೊಡುತ್ತದೆ, ನೀವೇ ಹೇಳಿ.

ಹಾಗಂತ ಒಳಗೆ ಸೇರಿಸುವುದು ಸುಲಭ ಅಂದುಕೊಳ್ಳಬೇಡಿ. ಪ್ಯಾಚ್‌ನ್ನು ಇಮೇಲ್‌ನಲ್ಲೇ ಕಳಿಸಬೇಕು. ಪ್ರತಿ ಪ್ಯಾಚ್ ಒಂದೇ ಕೆಲಸ ಮಾಡಬೇಕು. ಡಿವೈಸ್ ಟ್ರೀಗೆ ನಿಗದಿತ ನಮೂನೆಯಿದೆ, ಅದನ್ನು ಪರೀಕ್ಷಿಸುವ ಉಪಕರಣ ಬೇರೆ. ಪ್ಯಾಚ್‌ಗೆ ನಾಲ್ಕೈದು ಸಲ ತಿದ್ದಿಸಿಕೊಂಡು ಬರುವುದು ಮಾಮೂಲು. ಎಷ್ಟೋ ಜನ ಇಲ್ಲೇ ಸುಸ್ತಾಗಿ, ತಮ್ಮ ಪ್ಯಾಚ್‌ನ್ನು ಪ್ಯಾಕೇಜ್‌ನೊಳಗೇ ಇಟ್ಟುಕೊಳ್ಳುತ್ತಾರೆ. ಆ ಕ್ಷಣಕ್ಕೆ ಅದು ಸಲೀಸು. ಆಮೇಲೆ ಪ್ರತಿ ಕರ್ನಲ್‌ಗೂ ಅದರ ಬಡ್ಡಿ ಕಟ್ಟಬೇಕು.

ಬೇರೆ ದಾರಿಯೂ ಉಂಟು. ಉಬುಂಟು ಟಚ್‌ನವರು ಅನೇಕ ಫೋನುಗಳಲ್ಲಿ ಕಂಪನಿಯ ಕರ್ನಲ್ಲನ್ನೇ ಉಳಿಸಿಕೊಂಡು, ಹ್ಯಾಲಿಯಮ್ ಎಂಬ ಪದರದ ಮೂಲಕ ಆಂಡ್ರಾಯ್ಡ್‌ನ ಡ್ರೈವರ್‌ಗಳನ್ನೇ ಬಳಸುತ್ತಾರೆ. ವೈಫೈ, ಕ್ಯಾಮೆರಾ ಬೇಗ ಓಡುತ್ತವೆ. ದಿನಬಳಕೆಗೆ ಇದು ಕೆಲವರಿಗೆ ಹಿಡಿಸುತ್ತದೆ. ಆದರೆ ಹಳೇ ಕರ್ನಲ್ ಹಳೆಯದಾಗಿಯೇ ಉಳಿಯಿತಲ್ಲ. ಹತ್ತು ವರ್ಷದ ಆಯುಸ್ಸು ಬೇಕೆನ್ನುವವರಿಗೆ ಅದು ಸಾಲದು.

ಇನ್ನು, ನಿಮ್ಮ ಡ್ರಾಯರ್‌ನ ಫೋನಿನಲ್ಲಿ ಇದನ್ನು ನೋಡುವ ಮನಸ್ಸಿದ್ದರೆ ಒಂದು ಕೆಲಸ ಮೊದಲು ಮಾಡಿ. ಏನನ್ನೂ ಅಳಿಸುವ ಮುಂಚೆ ಪರ್ಸಿಸ್ಟ್ ಪಾರ್ಟಿಷನ್, ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2 ಮತ್ತು ಎಫ್‌ಎಸ್‌ಜಿ, ಈ ನಾಲ್ಕನ್ನೂ ಕಂಪ್ಯೂಟರ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಹೆಚ್ಚಿನ ಕ್ವಾಲ್‌ಕಾಮ್ ಫೋನುಗಳಲ್ಲಿ ಐಎಂಇಐ ಮತ್ತು ರೇಡಿಯೊದ ಅಳತೆಗಳು ಇಲ್ಲೇ ಇರುತ್ತವೆ. ಫರ್ಮ್‌ವೇರ್ ಕಳೆದುಹೋದರೆ ಅದೇ ಮಾಡೆಲ್‌ಗೆ ಕಂಪನಿ ಕೊಟ್ಟ ಸಾಫ್ಟ್‌ವೇರ್‌ನಿಂದ (ಸ್ಟಾಕ್ ರಾಮ್) ಮತ್ತೆ ತೆಗೆಯಬಹುದು. ಈ ನಾಲ್ಕರಲ್ಲಿ ಇರುವುದು ನಿಮ್ಮ ಕೈಯಲ್ಲಿರುವ ಆ ಒಂದು ಫೋನಿನದ್ದು, ಎಲ್ಲೂ ಡೌನ್‌ಲೋಡ್‌ಗೆ ಸಿಗುವುದಿಲ್ಲ. ಆ ಕಾಪಿಯನ್ನು ಯಾರಿಗೂ ಕಳಿಸಬೇಡಿ. ಸಹಾಯ ಕೇಳುವಾಗ ಕೊಡಬೇಕಾದದ್ದು ಕರ್ನಲ್‌ನ ಲಾಗ್ ಮತ್ತು ಕರ್ನಲ್‌ನ ಆವೃತ್ತಿ ಮಾತ್ರ. ಲಾಗ್‌ನಲ್ಲೂ ಮ್ಯಾಕ್ ವಿಳಾಸ, ಸೀರಿಯಲ್ ನಂಬರ್ ಇದ್ದರೆ ಅಳಿಸಿ ಕಳಿಸಿ.